ಮೂವತ್ತಾರನೆಯ ಹಲ್ಲು

ನಾಲಿಗೆ ಮತ್ತೆ ಅಲ್ಲಿಗೇ ಹೋಯಿತು. ವ್ಯಾನು ನಂಜನಗೂಡು ಬಿಟ್ಟು ಇನ್ನೂ ಕಾಲು ಗಂಟೆ ಆಗಿರಲಿಲ್ಲ. ಅಷ್ಟರಲ್ಲಿ ಅದು ಹದಿನೇಳು ಸಲ ಹೋಗಿ ಬಂದಿತ್ತು. ಪ್ರೇಮ್‌ಕುಮಾರ್ ಎಣಿಸುವುದನ್ನು ಬಿಟ್ಟು ಕಿಟಕಿಯಾಚೆಯ ಗದ್ದೆಗಳನ್ನು ನೋಡಲು ಪ್ರಯತ್ನಿಸಿದ. ನಾಲ್ಕು ತಿಂಗಳಿಂದ ಅವನ ನಾಲಿಗೆ ಅವನ ಮಾತು ಕೇಳುತ್ತಿರಲಿಲ್ಲ. ಕೆಳದವಡೆಯ ಎಡಗಡೆಯ ಮೊದಲ ದೊಡ್ಡ ಹಲ್ಲು. ಡಾಕ್ಟರ ಲೆಕ್ಕದಲ್ಲಿ ಮೂವತ್ತಾರು. ಮನುಷ್ಯನಿಗಿರುವುದೇ ಮೂವತ್ತೆರಡು, ಮೂವತ್ತಾರನೆಯದು ಎಲ್ಲಿಂದ ಬಂತು ಎಂದು ಅವನು ಮೊದಲ ದಿನ ಕೇಳಿದ್ದ. ಬಾಯನ್ನು ನಾಲ್ಕು ಭಾಗ ಮಾಡಿಕೊಂಡು ಎಣಿಸುತ್ತೇವೆ ಸರ್, ಮೂರನೆಯ ಭಾಗದಲ್ಲಿ ಆರನೆಯದು, ಅದಕ್ಕೆ ಮೂವತ್ತಾರು ಎಂದು ಡಾಕ್ಟರ್ ಸಂಘಮಿತ್ರಾ ವಿವರಿಸಿದ್ದರು. ಆ ಕ್ರಮ ಅವನಿಗೆ ತುಂಬ ಹಿಡಿಸಿತ್ತು. ತಾಂಡ್ಯದ ಒಂದು ಬಣ್ಣದ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ವಿಭಾಗ ಅವನದು. ಪ್ರತಿ ಡ್ರಮ್ಮಿಗೂ ಒಂದು ನಂಬರು, ಪ್ರತಿ ನಂಬರಿಗೂ ಒಂದು ವರದಿ, ಪ್ರತಿ ವರದಿಯ ಕೆಳಗೂ ಅವನ ಸಹಿ. ಹತ್ತೊಂಬತ್ತು ವರ್ಷಗಳಲ್ಲಿ ಅವನು ಸಹಿ ಹಾಕಿದ ಒಂದೇ ಒಂದು ಡ್ರಮ್ಮು ವಾಪಸು ಬಂದಿಲ್ಲ. ಈ ಮಾತನ್ನು ಅವನಿಗಿಂತ ಹೆಚ್ಚು ಸಲ ಅವನ ಹೆಂಡತಿ ದಿವ್ಯ ಹೇಳಿದ್ದಾಳೆ. ಈಗಲೂ ಮುಂದಿನ ಸೀಟಿನಲ್ಲಿ ಕೂತು ತನ್ನ ಚಿಕ್ಕಮ್ಮನಿಗೆ ಅದನ್ನೇ ಹೇಳುತ್ತಿದ್ದಳು. "ನಮ್ಮನೆಯವ್ರು ಒಂದು ಸಲ ಸರಿ ಅಂದ್ರೆ ಸರಿ ಚಿಕ್ಕಮ್ಮ. ಆಮೇಲೆ ಯಾರೂ ಮುಟ್ಟಿ ನೋಡೋದೇ ಬೇಡ."

ನಾಲಿಗೆ ಹದಿನೆಂಟನೆಯ ಸಲ ಮುಟ್ಟಿ ನೋಡಿತು. ಹಲ್ಲು ನೋಯುತ್ತಿರಲಿಲ್ಲ. ನೋಯುವುದಕ್ಕೆ ಅದರೊಳಗೆ ಏನೂ ಉಳಿದಿರಲಿಲ್ಲ. ಕೆಟ್ಟುಹೋದ ನರವನ್ನು ಕೂದಲಿನಷ್ಟು ಸಣ್ಣ ಅರಗಳಿಂದ ಕೆರೆದು ತೆಗೆದು, ಎರಡು ಬೇರುಗಳ ಮೂರು ಕಾಲುವೆಗಳನ್ನು ಬ್ಲೀಚಿಂಗ್ ದ್ರಾವಣದಿಂದ ತೊಳೆದು, ಒಣಗಿಸಿ, ಮರದ ಅಂಟಿನಿಂದ ಮಾಡಿದ ಕೆಂಪು ಕಡ್ಡಿಗಳನ್ನು ತುದಿಯವರೆಗೆ ತುಂಬಿ, ಮೇಲೆ ಬಿಳಿ ಸಿಮೆಂಟು ಮೆತ್ತಿದ್ದರು. ಸತ್ತ ಹಲ್ಲು ಅನ್ನಿ ಹಾಗಾದರೆ, ಎಂದು ಅವನು ವಿಷಾದದಿಂದ ಕೇಳಿದ್ದ. ಡಾಕ್ಟರ್ ಒಪ್ಪಿರಲಿಲ್ಲ. "ಸತ್ತಿಲ್ಲ ಸರ್. ಬೇರನ್ನ ಹಿಡ್ಕೊಂಡಿರೋ ಮೂಳೆ, ಒಸಡು ಎಲ್ಲಾ ಚೆನ್ನಾಗಿವೆ. ಒಳಗಿನ ನರ ಒಂದಿಲ್ಲ ಅಷ್ಟೆ. ಆದ್ರೆ ಒಳಗೆ ಹೋಗೋಕೆ ನಾವು ಮೇಲಿಂದ ತೂತು ಕೊರೆದಿದ್ದೀವಲ್ಲ, ಗೋಡೆಗಳು ತೆಳ್ಳಗಾಗಿವೆ. ಎರಡು ವಾರದೊಳಗೆ ಬಂದು ಕ್ಯಾಪ್ ಹಾಕಿಸ್ಕೊಳ್ಳಿ. ಅಲ್ಲೀವರೆಗೂ ಎಡಗಡೆ ಗಟ್ಟಿ ಪದಾರ್ಥ ಬೇಡ. ಉದ್ದಕ್ಕೆ ಸೀಳಿದ್ರೆ ಕೀಳಲೇಬೇಕಾಗುತ್ತೆ, ಬೇರೆ ದಾರಿ ಇರಲ್ಲ." ಅವನು ಇದನ್ನೆಲ್ಲ ಡೈರಿಯಲ್ಲಿ ಬರೆದುಕೊಂಡ, ಹಲ್ಲಿನ ಚಿತ್ರವನ್ನೂ ಬಿಡಿಸಿಕೊಂಡ. ಅರ್ಥವಾಗದೆ ಉಳಿದದ್ದು ಯಾವುದೂ ಇರಲಿಲ್ಲ. ಎರಡು ವಾರ ಕಳೆಯಿತು. ಅವನು ಹೋಗಲಿಲ್ಲ. ಆಗಾಗ, ಪ್ರಯೋಗಾಲಯದಲ್ಲಿ ಬಣ್ಣ ಒಣಗುವುದನ್ನು ಕಾಯುತ್ತ ಕೂತಾಗ, ಹೊರಗೆ ಹಲ್ಲಿನಂತೆಯೇ ಕಂಡು ಒಳಗೆ ಖಾಲಿಯಾಗಿರುವ ಈ ವಸ್ತು ತನ್ನ ಬದುಕಿನ ಬಗ್ಗೆಯೇ ಏನೋ ಹೇಳುತ್ತಿದೆ ಅನ್ನಿಸುತ್ತಿತ್ತು. ಅದೇನೆಂದು ಹೊಳೆಯುವಷ್ಟರಲ್ಲಿ ಬಣ್ಣ ಒಣಗಿರುತ್ತಿತ್ತು.

ಹೋಗದಿರಲು ಕಾರಣ ನೋವಲ್ಲ. ನೋವಾಗಿದ್ದರೆ ಅದಕ್ಕೊಂದು ಮರ್ಯಾದೆಯಿತ್ತು. ಕೊನೆಯ ಸಿಟ್ಟಿಂಗಿನ ದಿನ ಅವನು ಕುರ್ಚಿಯಲ್ಲಿ ಮಲಗಿದ್ದ. ಡಾಕ್ಟರ್ ಇನ್ನೂ ಕೈಗವಸು ಹಾಕಿಕೊಳ್ಳುತ್ತಿದ್ದರು. ಸಹಾಯಕಿ ಶಾಂತಿ ಮೇಲಿನ ದೀಪವನ್ನು ಅವನ ಮುಖದ ಮೇಲೆ ಎಳೆದು ಸ್ವಿಚ್ಚು ಒತ್ತಿದಳು. ಅಷ್ಟೆ. ಬೆಳಕು ಬಿದ್ದದ್ದೇ "ಅವ್ವಾ!" ಎಂದು ಯಾರೋ ಕಿರುಚಿದರು. ಯಾರೆಂದು ತಿಳಿಯಲು ಅವನಿಗೆ ಒಂದೆರಡು ಕ್ಷಣ ಬೇಕಾಯಿತು. ಅವನ ಕೈ ಶಾಂತಿಯ ಮಣಿಕಟ್ಟನ್ನು ಹಿಡಿದಿತ್ತು. ಅವಳ ಎರಡು ಬಳೆ ನೆಲದ ಮೇಲೆ ಚೂರಾಗಿ ಬಿದ್ದಿದ್ದವು. ಯಾರೂ ನಗಲಿಲ್ಲ. ಏನಾಗಲ್ಲ ಸರ್, ಲೈಟ್ ಅಷ್ಟೇ ಎಂದು ಡಾಕ್ಟರ್ ಮೃದುವಾಗಿ ಹೇಳಿದ್ದು ನಗುವುದಕ್ಕಿಂತ ಕಷ್ಟವಾಗಿತ್ತು. ಮುಕ್ಕಾಲು ಗಂಟೆ ಕಳೆದು ಅವನು ಹೊರಬಂದಾಗ ಬೆಂಚಿನ ಮೇಲೆ ಹಲ್ಲುಸೆಟ್ಟು ಸರಿಮಾಡಿಸಿಕೊಳ್ಳಲು ಬಂದ ಒಬ್ಬ ಅಜ್ಜಿ ಕೂತಿದ್ದರು. ಚನ್ನಬಸಮ್ಮ ಎಂದು ಆಗಷ್ಟೇ ಅವರ ಹೆಸರು ಕರೆದಿದ್ದರು. ಅಜ್ಜಿ ಏಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವನ ಮೀಸೆಯನ್ನು, ಕೊರಳಲ್ಲಿ ತೂಗುತ್ತಿದ್ದ ಕಾರ್ಖಾನೆಯ ಗುರುತಿನ ಚೀಟಿಯನ್ನು ನೋಡಿದರು. ಆಮೇಲೆ ಕತ್ತು ಉದ್ದ ಮಾಡಿ ಅವನ ಹಿಂದೆ ನೋಡಿದರು. "ಪಾಪ, ಮಗ ಎಲ್ಲಪ್ಪ? ಬರ್ಲಿಲ್ವಾ ಇನ್ನೂವೆ? ಎಷ್ಟೊಂದು ಕಿರುಚ್ಕತು!" ಅವನು, ಬರುತ್ತದೆ ಎಂದ. ಯಾಕೆ ಹಾಗೆಂದನೋ ಗೊತ್ತಿಲ್ಲ. ಇನ್ನೂ ಒಳಗಿದೆ, ಈಗ ಬರುತ್ತದೆ ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು, ನಲವತ್ತನಾಲ್ಕು ವರ್ಷದ ಪ್ರೇಮ್‌ಕುಮಾರ್ ಮೆಟ್ಟಿಲಿಳಿದು ಓಡಿದ್ದ.

ಅಂದು ಸಂಜೆ ದಿವ್ಯ ಒಗ್ಗರಣೆ ಹಾಕುತ್ತ ಕೇಳಿದಳು, "ಮುಗೀತಾ?" ಮುಗೀತು ಅಂದ. "ಕ್ಯಾಪೂ?" ಅವನು "ಹೂಂ" ಎಂದ. ಒಗ್ಗರಣೆಯ ಸದ್ದಿನಲ್ಲಿ ಅದು ಕೇಳಿಸದೆಯೂ ಇರಬಹುದಿತ್ತು. ಕೇಳಿಸಿತು. ಆಮೇಲೆ ಅವಳು ಯಾವ ತರದ್ದು ಅಂದಳು. ಜಿರ್ಕೋನಿಯಾ ಅಂದ, ಅದರ ಬಗ್ಗೆ ಓದಿಕೊಂಡಿದ್ದನಲ್ಲ. ಎಷ್ಟು ದಿನ ಬರುತ್ತೆ? ಹದಿನೈದು ವರ್ಷ ಗ್ಯಾರಂಟಿ. ಬಣ್ಣ? ಬಣ್ಣಕ್ಕೆ ಒಂದು ಪಟ್ಟಿಯಿರುತ್ತೆ, ಹಲ್ಲಿನ ಪಕ್ಕ ಹಿಡಿದು ನೋಡಿ ಆರಿಸುತ್ತಾರೆ, ನನ್ನದು ಎ-ಎರಡು. ಅವನ ವರದಿಗಳಂತೆ ಅವನ ಸುಳ್ಳಿನಲ್ಲೂ ಯಾವ ಕಾಲಮ್ಮೂ ಖಾಲಿಯಿರಲಿಲ್ಲ. ಒಂದು ಭಾನುವಾರ, ತೋರಿಸಿ ನೋಡೋಣ ಎಂದು ದಿವ್ಯ ಮೊಬೈಲ್ ಟಾರ್ಚು ಹಿಡಿದು ಬಂದಳು. ಅವನು ಕಣ್ಣುಮುಚ್ಚಿ ಬಾಯಿ ತೆರೆದ. ಈ ಸಲ ಕಿರುಚಲಿಲ್ಲ. ಅವಳು ಬಗ್ಗಿ, ಓರೆಯಾಗಿ, ಬೆರಳಿನಿಂದ ಕೆನ್ನೆ ಎಳೆದು ನೋಡಿದಳು. "ಎಷ್ಟ್ ಚೆನ್ನಾಗಿ ಮಾಡಿದಾರ್ರೀ! ಒರಿಜಿನಲ್ ಹಲ್ಲಿನ ತರಾನೇ ಇದೆ. ಮಧ್ಯ ಒಂಚೂರು ಬೆಳ್ಳಗಿದೆ, ಅಷ್ಟೆ." ಅದು ಹಾಗೇ ಬರುತ್ತೆ ಎಂದ. ಅವಳು ತಾಂಡವಪುರದ ಶಾಲೆಯಲ್ಲಿ ಟೀಚರು. ಮಾರನೆಯ ದಿನವೇ ಸ್ಟಾಫ್‌ರೂಮಿನಲ್ಲಿ ಡಾಕ್ಟರ್ ಸಂಘಮಿತ್ರಾ ಅವರ ಕೈಗುಣ ಹೊಗಳಿ ಇಬ್ಬರು ಟೀಚರುಗಳನ್ನು ಅಲ್ಲಿಗೆ ಕಳಿಸಿದಳು. ಆ ಇಬ್ಬರಿಗೂ ಚೆನ್ನಾಗಿಯೇ ಆಯಿತು. ಅದು ಅವನಿಗೆ ಇನ್ನಷ್ಟು ತೊಂದರೆ ಕೊಟ್ಟಿತು.

"ರೀ, ನಿದ್ದೆ ಮಾಡ್ಬೇಡಿ, ಬಂತು," ಎಂದಳು ದಿವ್ಯ. ಹದಿನಾರು ಎಂಬ ಊರಿನಲ್ಲಿ ಹತ್ತಿಸಿಕೊಂಡಿದ್ದ ಚಿಕ್ಕಮ್ಮ ಆಗಲೇ ಬ್ಯಾಗು ಎತ್ತಿಕೊಂಡಿದ್ದರು. ದಿವ್ಯಳ ತಂಗಿಯ ಮದುವೆ ಹಿಂದಿನ ಭಾನುವಾರ ನಂಜನಗೂಡಿನಲ್ಲಿ ನಡೆದಿತ್ತು. ಬೌದ್ಧ ಭಿಕ್ಷು ಬಂತೇಜಿ ಪಂಚಶೀಲ ಹೇಳಿಕೊಡುವಾಗ ಎಲ್ಲರೂ ಎದ್ದು ನಿಂತು ಕೈ ಜೋಡಿಸಿದ್ದರು; ನಾಲ್ಕನೆಯದು, ಸುಳ್ಳು ನುಡಿಯುವುದಿಲ್ಲ ಎನ್ನುವುದು ಬಂದಾಗ ಅವನ ನಾಲಿಗೆ ಮಾತು ನಿಲ್ಲಿಸಿ ಎಡಗಡೆಗೆ ಹೋಗಿಬಿಟ್ಟಿತ್ತು. ಇವತ್ತು ಟಿ. ನರಸೀಪುರದಲ್ಲಿ ಗಂಡಿನ ಮನೆಯವರ ಬೀಗರೂಟ. ಮಾವನವರು ಹೋಗಿ ಆರು ವರ್ಷ. ಹೆಣ್ಣಿನ ಕಡೆಗೆ ಈಗ ಹಿರಿಯ ಅಂದರೆ ದೊಡ್ಡಳಿಯ ಪ್ರೇಮ್‌ಕುಮಾರ್. ಅವನು ವಾರದಿಂದ ಯೋಚಿಸಿ ಒಂದು ಯೋಜನೆ ಮಾಡಿಕೊಂಡಿದ್ದ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಆದ್ದರಿಂದ ಮುದ್ದೆ ಎಷ್ಟು ಬೇಕಾದರೂ. ಬೋಟಿ, ಈಲಿಯ ತುಂಡುಗಳು ಬಲಗಡೆ. ಮೂಳೆಯನ್ನು ಎಲೆಯ ತುದಿಗೆ ಸರಿಸಿ ಅನ್ನದಡಿ ಮುಚ್ಚುವುದು. ಕಾಗದದ ಮೇಲೆ ಇದರಲ್ಲಿ ಯಾವ ದೋಷವೂ ಇರಲಿಲ್ಲ.

ಗಂಡಿನ ತಂದೆ ಮಂಟೇಸ್ವಾಮಿ ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಇಂಜಿನ್ನಿನ ಸದ್ದನ್ನು ಮೀರಿ ಮಾತಾಡುವ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ. ಶಾಮಿಯಾನದಡಿ ಎರಡು ಸಾಲು ಎಲೆ ಹಾಕಿತ್ತು. ಪ್ರೇಮ್‌ಕುಮಾರನ ಎಲೆಯ ಮೇಲೆ ಎರಡನೆಯ ಮುದ್ದೆ ಕರಗಿ ಮೂರನೆಯದು ಬಿದ್ದದ್ದನ್ನು ಅವರು ಆ ತುದಿಯಿಂದಲೇ ಕಂಡರು.

"ಏನ್ ಬೀಗ್ರೇ, ಮುದ್ದೆ ಮೇಲ್ ಮುದ್ದೆ ಓಯ್ತಾ ಅದೆ, ಮಾಂಸ ಅಂಗೇ ಕುಂತದೆ! ನಮ್ ಮಟನ್ ಸೇರ್ನಿಲ್ವಾ?"

"ಸೇರ್ತು, ಸೇರ್ತು. ತುಂಬ ಚೆನ್ನಾಗದೆ."

"ಬಾಯಿ ಚೆನ್ನಾಗದೆ ಅಂತದೆ, ಎಲೆ ಬ್ಯಾರೆ ಏಳ್ತದೆ. ಇರಿ, ಬಂದೆ."

ಅವರು ಒಳಗೆ ಹೋಗಿ ಒಂದು ಸ್ಟೀಲ್ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಬಂದರು. ಅದರಲ್ಲಿ ಒಂದೇ ಒಂದು ನಲ್ಲಿಮೂಳೆ. ಒಂದು ತುದಿ ಗಂಟು, ಇನ್ನೊಂದು ತುದಿಯಲ್ಲಿ ಮಜ್ಜೆಯ ಬಾಯಿ ಮುಚ್ಚಿಕೊಂಡಂತೆ ಮೂಳೆಯ ಒಂದು ತೆಳುವಾದ ಅಂಚು. ಅದನ್ನು ಅವನ ಎಲೆಯ ನಡುವೆ ಇಟ್ಟು ಹಿಂದೆ ಸರಿದು ನಿಂತರು. "ಇದು ಎಣ್ಣಿನ್ ಕಡೆ ದೊಡ್ಡೋರ್ಗೆ. ನಮ್ಮಪ್ಪನ ಕಾಲದಿಂದ್ಲೂ ನಮ್ಮನೇಲಿ ಇಂಗೇಯ. ತುದಿ ಕಡ್ದು ಒಳಗಿಂದು ಈರ್ಬೇಕು. ಅವಾಗ್ಲೇ ಎರಡು ಮನೆ ಒಂದಾಯ್ತು ಅಂತ." ಬಡಿಸುವವರೂ ಬಕೆಟ್ಟು ಹಿಡಿದುಕೊಂಡೇ ನಿಂತರು. ಅವನು ಮೂಳೆಯನ್ನು ಎತ್ತಿ, ಯಾವುದೋ ಯೋಚನೆಯಲ್ಲಿರುವವನಂತೆ, ಎಲೆಯ ಮೇಲೆ ಮೆಲ್ಲಗೆ ಒಂದು ಸಲ ಬಡಿದ.

"ಅಯ್ಯಯ್ಯೋ, ಬಡೀತಾವ್ರೆ!" ಎಂದು ಎದುರು ಸಾಲಿನಲ್ಲಿ ಗಂಡಿನ ಸೋದರಮಾವ ಮಹದೇವ ಕೂಗಿದ. "ಬಡ್ಯೋದು ಬೊಚ್ಚುಬಾಯೋರು ಕಣ್ ಬೀಗ್ರೇ! ಅಲ್ಲು ಅವಾ ಇಲ್ವಾ ನೋಡ್ಲಾ ಯಾರಾರ!"

ಸಾಲುಗಳೆರಡೂ ನಕ್ಕವು. ಹೊಸ ಮದುಮಗಳು, ಅವನ ನಾದಿನಿ, ಬಾಗಿಲಲ್ಲಿ ನಿಂತು ತುಟಿ ಕಚ್ಚಿಕೊಂಡಿದ್ದಳು. ಆಗ ಸಾಲಿನ ಇನ್ನೊಂದು ಕೊನೆಯಿಂದ ದಿವ್ಯಳ ದನಿ, ಶಾಲೆಯ ಪ್ರಾರ್ಥನೆಯಲ್ಲಿ ಸುದ್ದಿ ಓದುವಷ್ಟು ಸ್ಪಷ್ಟವಾಗಿ ಬಂತು. "ಮಾವ, ಅವ್ರಿಗೆ ಹಲ್ಲಿಲ್ಲ ಅಂದ್ಕೋಬೇಡಿ! ಜಿರ್ಕೋನಿಯಾ ಕ್ಯಾಪ್ ಹಾಕ್ಸಿದೀವಿ. ಬೋಲ್ಟ್ ಕೊಟ್ರೂ ಕಡೀತಾರೆ."

"ಯಾನಾ ಅದು ಜಿರ್ಕೋನಿ?" ಎಂದ ಮಹದೇವ.

"ಇಂಜಿನ್ ಪಿಸ್ಟನ್‌ಗೆ ಆಕ್ತಾರಲ್ಲ, ಅಂತಾದ್ದು ಕಣೋ," ಎಂದು ಮಂಟೇಸ್ವಾಮಿ ಪೂರ್ಣ ವಿಶ್ವಾಸದಿಂದ ಹೇಳಿದರು. "ಅಂಗಾರೆ ಇನ್ನೇನ್ ಬೀಗ್ರೇ, ಆಗ್ಲಿ!"

"ರೀ, ಎಡಗಡೆ ಹಾಕ್ಕೊಳ್ರೀ," ದಿವ್ಯ ಎದ್ದೇ ನಿಂತಿದ್ದಳು. "ಕ್ಯಾಪ್ ಇರೋದು ಎಡಗಡೆ!"

ಈಗ ಹೇಳಿಬಿಡಬಹುದು ಎಂದು ಅವನಿಗೆ ಅನ್ನಿಸಿತು. ನಾನು ಕ್ಯಾಪ್ ಹಾಕಿಸಿಕೊಂಡಿಲ್ಲ. ಮೂರೇ ಶಬ್ದ. ಅವನು ತಲೆಯೆತ್ತಿ ದಿವ್ಯಳನ್ನು ನೋಡಿದ. ಅವಳ ಮುಖದಲ್ಲಿ ಅವನಿಗೆ ಯಾವಾಗಲೂ ಭಯ ಹುಟ್ಟಿಸುವ ಒಂದು ನಂಬಿಕೆಯಿತ್ತು. ಇಪ್ಪತ್ತು ವರ್ಷದಿಂದ ಅವಳು ಅವನನ್ನು ಮುಟ್ಟಿ ನೋಡದೆ ದಾಟಿಸಿದ್ದಳು, ಅವನ ಡ್ರಮ್ಮುಗಳನ್ನು ಗೇಟಿನವರು ದಾಟಿಸುವಂತೆ. ಸುಳ್ಳು ಹೇಳಿದ್ದಕ್ಕೆ ಅವಳು ಬೈಯುತ್ತಾಳೆಂಬ ಹೆದರಿಕೆಯಲ್ಲ. ಯಾಕೆ ಅಂತ ಕೇಳುತ್ತಾಳೆ. ಕೇಳಿದರೆ ಆ ದೀಪದ ಕತೆ ಹೇಳಬೇಕು. ಶಾಮಿಯಾನದಡಿ, ಎಂಬತ್ತು ಜನರ ಮುಂದೆ, ಕೈಯಲ್ಲಿ ಮೂಳೆ ಹಿಡಿದುಕೊಂಡು. ಪ್ರಯೋಗಾಲಯದಲ್ಲಿ ಅವನು ದಿನವೂ ಬಣ್ಣ ಬಳಿದ ತಗಡಿನ ಮೇಲೆ ಒಂದು ಕಿಲೋ ತೂಕವನ್ನು ಎತ್ತರದಿಂದ ಬಿಡುತ್ತಾನೆ, ಬಿರುಕು ಬಿಟ್ಟರೆ ಫೇಲು. ಬಿಡುವ ಮೊದಲಿನ ಆ ಕ್ಷಣ ತಗಡಿಗೆ ಹೇಗಿರುತ್ತದೆಂದು ಅವನು ಎಂದೂ ಯೋಚಿಸಿರಲಿಲ್ಲ. ಮೂಳೆಯನ್ನು ಎಡಗೆನ್ನೆಯ ಕಡೆಯಿಂದಲೇ ಬಾಯಿಗೆ ತಂದ. ಎಡಗೈಯನ್ನು ವಿನಯದಿಂದ ಬಾಯಿಗೆ ಅಡ್ಡ ಹಿಡಿದ. ಒಳಗೆ, ಯಾರಿಗೂ ಕಾಣದಂತೆ, ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ನಾಲಿಗೆ ಅವನ ಮಾತು ಕೇಳಿ ಮೂಳೆಯ ತುದಿಯನ್ನು ಬಲಗಡೆಗೆ ತಳ್ಳಿತು. ಎಡಗೆನ್ನೆಯನ್ನು ಗಾಳಿಯಿಂದ ಉಬ್ಬಿಸಿದ. ಕಡಿದ.

ಟಕ್ ಎಂಬ ಸದ್ದು ಶಾಮಿಯಾನದ ತುದಿಯವರೆಗೂ ಕೇಳಿಸಿತು. ಬಲಗಡೆಯ ಹಲ್ಲುಗಳಿಗೆ ಏನೂ ಆಗಿರಲಿಲ್ಲ; ಮೂಳೆಯ ಅಂಚು ಮುರಿದು ಬಿಸಿ ಮಜ್ಜೆ ನಾಲಿಗೆಯ ಮೇಲೆ ಜಾರಿತು. ಜನ ಹೋ ಎಂದರು. ಮಂಟೇಸ್ವಾಮಿ ಬಂದು ಅವನ ಬೆನ್ನಿಗೆ ಗುದ್ದಿದರು. ಜಿರ್ಕೋನಿ, ಜಿರ್ಕೋನಿ ಎಂದು ಮಹದೇವ ಪಕ್ಕದವನಿಗೆ ಹೇಳುತ್ತಿದ್ದ, ತಾನೂ ಒಂದು ಹಾಕಿಸಬೇಕೆಂದು. ಪ್ರೇಮ್‌ಕುಮಾರನಿಗೆ ಕಣ್ಣಲ್ಲಿ ನೀರು ಬಂದು, ತಾನು ನಿಜವಾಗಿಯೂ ಧೈರ್ಯಶಾಲಿಯೇನೋ ಅನ್ನಿಸಿತು. ಅನ್ನ ಉಂಡ, ಮಜ್ಜಿಗೆ ಕುಡಿದ. ಕೈ ತೊಳೆದು ಬಂದು ಮಂಟೇಸ್ವಾಮಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ ಕೂತು, ನಂಜನಗೂಡಿನ ರಸ್ತೆಗಳ ಬಗ್ಗೆ ದೀರ್ಘವಾಗಿ ಮಾತಾಡಿದ. ಅವರು ಎರಡು ಎಲೆಗೆ ಸುಣ್ಣ ಹಚ್ಚಿ ಅಡಿಕೆ ಇಟ್ಟು ಮಡಚಿ ಕೊಟ್ಟಾಗ ಮಾತು ನಿಲ್ಲಿಸದೆಯೇ ಬಾಯಿಗಿಟ್ಟುಕೊಂಡ. ಮನುಷ್ಯ ಎಲೆಅಡಿಕೆಯನ್ನು ಯಾವ ದವಡೆಗೆ ಇಡಬೇಕೆಂದು ಯೋಚಿಸುವುದಿಲ್ಲ. ಇಪ್ಪತ್ತು ವರ್ಷದಿಂದ ಅದು ಎಲ್ಲಿಗೆ ಹೋಗುತ್ತಿತ್ತೋ ಅಲ್ಲಿಗೇ ಹೋಯಿತು.

ಈ ಸದ್ದು ಯಾರಿಗೂ ಕೇಳಿಸಲಿಲ್ಲ. ಹೊರಗಿನಿಂದ ಬಂದ ಸದ್ದೂ ಅಲ್ಲ ಅದು. ತಲೆಯೊಳಗೆ ಯಾರೋ ಒಂದು ಬಾಗಿಲು ಮೆಲ್ಲಗೆ ಹಾಕಿಕೊಂಡ ಹಾಗೆ. ಬಾಯಿ ತುಂಬ ಅಡಿಕೆ ಚೂರುಗಳಿದ್ದವು. ಅವುಗಳಲ್ಲಿ ಒಂದು ಅಡಿಕೆಯಲ್ಲ. ಯಾವುದೆಂದು ನಾಲಿಗೆ ಹುಡುಕಿತು, ಎಲ್ಲವೂ ಒಂದೇ ತರ ಇದ್ದವು. ಒಂದು ನಿಮಿಷ ಎಂದು ಅವನು ಎದ್ದು, ರಸ್ತೆಯಂಚಿನ ಚರಂಡಿಯ ಬಳಿ ಕುಕ್ಕರಗಾಲಲ್ಲಿ ಕೂತು ಉಗಿದ. ಕೆಂಪು ರಸದ ನಡುವೆ, ಒಳಮೈ ಬೆಳ್ಳಗೆ, ಅರ್ಧ ಅವರೆಕಾಳಿನಷ್ಟು ಅವನ ಹಲ್ಲು ಇತ್ತು. ಕಡ್ಡಿಯಿಂದ ಸರಿಸಿ ಎತ್ತಿಕೊಂಡು, ಬಾಟಲಿಯ ನೀರಲ್ಲಿ ತೊಳೆದು, ಬೆಳಕಿಗೆ ಹಿಡಿದು ನೋಡಿದ. ಅಂಚು ಚೂಪಾಗಿತ್ತು. ಹಿಂದೆ ದಿವ್ಯಳ ನೆರಳು ಬಿತ್ತು.

"ಏನ್ರೀ ಅದು?"

"ಕ್ಯಾಪು," ಎಂದ. ಇಷ್ಟು ದಿನ ಅವನು ಹೂಂ ಎಂದಿದ್ದ, ಸಂಖ್ಯೆಗಳನ್ನು ಹೇಳಿದ್ದ, ಹಾಗೇ ಬರುತ್ತೆ ಎಂದಿದ್ದ. ನೇರವಾಗಿ ಒಂದು ವಸ್ತುವನ್ನು ತೋರಿಸಿ ಅದಲ್ಲದ ಹೆಸರು ಹೇಳಿದ್ದು ಇದೇ ಮೊದಲು. "ಕ್ಯಾಪು ಒಡೀತು."

ದಿವ್ಯ ಚೂರನ್ನು ಅಂಗೈಯಲ್ಲಿಟ್ಟುಕೊಂಡಳು. ಅವಳ ಮೂಗಿನ ಹೊಳ್ಳೆ ಅಗಲವಾದವು. "ನಾಲ್ಕ್ ತಿಂಗ್ಳಿಗಾ? ಹದಿನೈದು ವರ್ಷ ಅಂದಿದ್ರಲ್ಲ ಆ ಡಾಕ್ಟರು! ನಾನು ಜನಾನ ಬೇರೆ ಕಳಿಸಿದೀನಿ." ಮಂಟೇಸ್ವಾಮಿ ಓಡಿ ಬಂದು, ನನ್ ಮೂಳೆಯಿಂದ್ಲೇ ಇಂಗಾಯ್ತಾ ಎಂದು ಕೈ ಹಿಸುಕಿಕೊಂಡರು. "ನಿಮ್ದೇನಿಲ್ಲ ಮಾವ," ಎಂದಳು ದಿವ್ಯ, "ಕ್ಯಾಪೇ ಡೂಪ್ಲಿಕೇಟು. ಬಿಡಲ್ಲ ನಾನು." ವಾಪಸು ಬರುವಾಗ ದಾರಿಯುದ್ದಕ್ಕೂ ಫೋನಿನಲ್ಲಿ ಅವಳು ಒಬ್ಬೊಬ್ಬರಿಗೇ ಎಚ್ಚರಿಕೆ ಕೊಡುತ್ತಿದ್ದಳು. ಅವನು ಕಿಟಕಿಗೆ ಹಣೆಯಿಟ್ಟುಕೊಂಡು ಕೂತಿದ್ದ. ಅವನು ಲೈಟಿಗೆ ಕಿರುಚಿದವನೆಂದು ಯಾರಿಗೂ ಹೇಳದೆ ಕಾಪಾಡಿದ್ದ ಒಬ್ಬ ಹೆಂಗಸಿನ ಹೆಸರು ನಂಜನಗೂಡು ತಲುಪುವಷ್ಟರಲ್ಲಿ ಹಾಳಾಗುತ್ತಿತ್ತು, ಅವನ ಸಹಿಯ ಮೇಲೆ.

ಸೋಮವಾರ ದಿವ್ಯಳಿಗೆ ಶಾಲೆಯಿದ್ದ ಹೊತ್ತು ನೋಡಿ ಕ್ಲಿನಿಕ್ಕಿಗೆ ಹೋದ. ಡಾಕ್ಟರ್ ಎಕ್ಸ್‌ರೇ ತೆಗೆದು ನೋಡಿ, ಒಳಗಡೆಯ ಗೋಡೆಯೊಂದು ಹೋಗಿದೆ, ಬಿರುಕು ಒಸಡಿನ ಮೇಲೇ ನಿಂತಿದೆ, ಸಿಮೆಂಟು ಕೂತೇ ಇದ್ದದ್ದರಿಂದ ಎಂಜಲು ಬೇರಿಗಿಳಿದಿಲ್ಲ, ಅದೃಷ್ಟ ನಿಮ್ಮದು ಅಂದರು. "ನಾಲ್ಕು ತಿಂಗಳು ಎಲ್ಲಿ ಹೋಗಿದ್ರಿ ಸರ್?" ಆಡಿಟ್ ಇತ್ತು ಎಂದ. ಅವರು ಒಂದು ಕಾಲುವೆಯ ಅಂಟನ್ನು ಸ್ವಲ್ಪ ತೆಗೆದು, ಗಾಜಿನ ನಾರಿನ ಸಣ್ಣ ಗೂಟವೊಂದನ್ನು ಅಲ್ಲಿ ಕೂರಿಸಿ, ಅದರ ಸುತ್ತ ಹಲ್ಲಿನ ಬಣ್ಣದ ಸಿಮೆಂಟು ಕಟ್ಟಿ, ನೀಲಿ ಬೆಳಕಿನಿಂದ ಗಟ್ಟಿ ಮಾಡಿದರು. ಗುರುವಾರ ಅದನ್ನು ಸುತ್ತಲೂ ಸವೆಸಿ ಚಿಕ್ಕದು ಮಾಡಿ, ಅಳತೆ ತೆಗೆದು, ಲ್ಯಾಬಿಗೆ ಕಳಿಸುವುದು, ವಾರದಲ್ಲಿ ಕ್ಯಾಪು. ಅವನು ಪ್ರತಿ ಹಂತವನ್ನೂ ಗಮನವಿಟ್ಟು ಕೇಳಿದ. ನಡುವಿನ ಎರಡು ದಿನ ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ದಿವ್ಯ, ಮಾತಾಡ್ಬೇಡಿ, ನೋವಾಗುತ್ತೆ ಎನ್ನುತ್ತಿದ್ದಳು. ಅವನಿಗೆ ನೋವಿರಲಿಲ್ಲ. ಆದರೂ ಅವಳು ಗಂಜಿ ಮಾಡಿ ಕೊಡುತ್ತಿದ್ದಳು, ಅವನು ಕುಡಿಯುತ್ತಿದ್ದ.

ಗುರುವಾರ ಹಲ್ಲು ಸವೆಸಿ ಮುಗಿಯಿತು. ಡಾಕ್ಟರ್ ಮಿಠಾಯಿಯ ಹಾಗೆ ಮೆತ್ತಗಿದ್ದ ನೇರಳೆ ಬಣ್ಣದ ಪುಟ್ಟಿಯನ್ನು ಲೋಹದ ಅಚ್ಚಿನಲ್ಲಿ ತುಂಬಿ ಅವನ ದವಡೆಯ ಮೇಲೆ ಒತ್ತಿದರು. "ಐದು ನಿಮಿಷ ಗಟ್ಟಿಯಾಗ್ಬೇಕು ಸರ್. ಅಲ್ಲಾಡಬಾರ್ದು. ಶಾಂತಿ, ಹಿಡ್ಕೋ," ಎಂದು 'ಬಂದೆ' ಎನ್ನುತ್ತ ಪಕ್ಕದ ಕೋಣೆಗೆ ಹೋದರು. ಶಾಂತಿ ಎರಡು ಬೆರಳಿನಿಂದ ಅಚ್ಚನ್ನು ಒತ್ತಿ ಹಿಡಿದು ಗೋಡೆ ಗಡಿಯಾರ ನೋಡುತ್ತ ನಿಂತಳು. ಆಗ ಬಾಗಿಲು ತೆರೆಯಿತು. ದಿವ್ಯ, ಭುಜದ ಮೇಲೆ ಶಾಲೆಯ ಬ್ಯಾಗು, ಕೈಯಲ್ಲಿ ಟಿಶ್ಯೂ ಸುತ್ತಿದ ಒಂದು ಪೊಟ್ಟಣ.

"ಡಾಕ್ಟ್ರು ಎಲ್ಲಿ? ನಾನು ಇವ್ರ ಮನೆಯವ್ರು. ಏನಮ್ಮ, ನಾಲ್ಕ್ ತಿಂಗ್ಳಿಗೆ ಒಡೆದೋಗೋ ಕ್ಯಾಪ್ ಹಾಕಿ ಕಳಿಸ್ತೀರಾ ಜನಕ್ಕೆ? ನೋಡು, ತಂದಿದೀನಿ."

ಶಾಂತಿ ಪೊಟ್ಟಣದೊಳಗೆ ಬಗ್ಗಿ ನೋಡಿದಳು. "ಯಾವ ಕ್ಯಾಪ್ ಅಕ್ಕ?" ಎಂದು ಶುರುಮಾಡಿದಳು. ಅವಳಿಗೆ ಮುಂದಿನ ಮಾತು ಹೇಳಲು ಬಿಡಬಾರದು ಎಂದು ಪ್ರೇಮ್‌ಕುಮಾರನಿಗೆ ಮಿಂಚಿದ ಹಾಗೆ ತಿಳಿಯಿತು. ಅವಳು ಹೇಳಿದರೆ ಅದು ಸಿಕ್ಕಿಬಿದ್ದ ಸುಳ್ಳು. ತಾನೇ ಹೇಳಿದರೆ ಇನ್ನೇನೋ. ಅವನು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು, ಬಾಯಿ ತುಂಬಿದ ಪುಟ್ಟಿಯ ಮೂಲಕ, ಚಾವಣಿಗೆ ಮುಖ ಮಾಡಿ ಹೇಳಿದ. ಹೊರಗೆ ಬಂದದ್ದು ಎಮ್ಮೆಕರುವಿನ ದನಿ.

"ಮಾತಾಡ್ಬೇಡಿ, ನೋವಾಗುತ್ತೆ," ಎಂದಳು ದಿವ್ಯ.

ಅವನು ಮತ್ತೆ ಹೇಳಿದ, ನಿಧಾನವಾಗಿ, ಪ್ರತಿ ಅಕ್ಷರಕ್ಕೂ ಮೂಗಿನಿಂದ ಉಸಿರು ಕೊಟ್ಟು. ಶಾಂತಿ ಕತ್ತು ವಾಲಿಸಿದಳು. "ಅಕ್ಕ, ಅವ್ರು ಕ್ಯಾಪೇ ಹಾಕಿಸ್ಕೊಂಡಿರ್ಲಿಲ್ಲ ಅಂತಾವ್ರೆ. ಅದು ಒಡೆದಿದ್ದು ಅವ್ರ ಸ್ವಂತ ಹಲ್ಲಂತೆ."

ದಿವ್ಯ ಗಂಡನನ್ನು ನೋಡಿದಳು, ಶಾಂತಿಯನ್ನು ನೋಡಿದಳು. "ನಿಂಗೆ ಹೆಂಗಮ್ಮ ತಿಳೀತು ಅದು?"

"ಹನ್ನೊಂದು ವರ್ಷ ಆಯ್ತಕ್ಕ. ಎಲ್ಲಾರೂ ಬಾಯಲ್ಲಿ ಏನಾರಾ ಇಟ್ಕೊಂಡೇ ನನ್ನತ್ರ ಮಾತಾಡೋದು." ಅವನು ಮತ್ತೆ ಶುರುಮಾಡಿದ್ದ. ಅವಳು ಕಿವಿ ತಗ್ಗಿಸಿ, ಬೆರಳು ಸಡಿಲಿಸದೆ, ಒಂದೊಂದನ್ನೇ ದಾಟಿಸಿದಳು. "ಡಾಕ್ಟ್ರುದು ಏನೂ ತಪ್ಪಿಲ್ಲ ಅಂತಾವ್ರೆ... ಎರಡು ವಾರಕ್ಕೆ ಬನ್ನಿ ಅಂದಿದ್ರಂತೆ... ಭಯ ಅಂತಾವ್ರೆ. ಅಲ್ಲ, ಭಯ ಅಲ್ವಂತೆ, ನಾಚಿಕೆ... ಲೈಟ್ ಹಾಕಿದ್ದಕ್ಕೆ ಅವ್ವಾ ಅಂತ ಕಿರುಚ್ಕೊಂಡ್ರಂತೆ." ಅವಳು ತಲೆಯೆತ್ತಿದಳು. "ಅದು ನಿಜ ಅಕ್ಕ. ನಾನಿದ್ದೆ."

ದಿವ್ಯ ಪೊಟ್ಟಣವನ್ನು ಮಡಚಿ ಬ್ಯಾಗಿನ ಒಳಜೇಬಿಗೆ ಹಾಕಿ ಜಿಪ್ಪು ಎಳೆದಳು. "ಒಂಬತ್ತು ಜನಕ್ಕೆ ಹೇಳಿದೀನಿ ಕಣ್ರೀ, ಇಲ್ಲಿಗೆ ಬರಬೇಡಿ ಅಂತ," ಎಂದಳು, ಮೆಲ್ಲಗೆ. "ನನ್ನ ಮಾತಂತ ಹೇಳ್ಲಿಲ್ಲ. ನಿಮ್ಮ ಮಾತಂತ ಹೇಳಿದೆ." ಅವನು ಕಣ್ಣು ಮುಚ್ಚಿಕೊಂಡ. ಇಷ್ಟು ಹೊತ್ತೂ ಪುಟ್ಟಿಯಡಿ ಬಿದ್ದುಕೊಂಡಿದ್ದ ನಾಲಿಗೆ ಎಲ್ಲಿಗೂ ಹೋಗಲಿಲ್ಲ. ಅವಳು ಎದ್ದು ಹೋಗುತ್ತಾಳೆ, ಬಾಗಿಲ ಸದ್ದು ಈಗ ಕೇಳುತ್ತದೆ ಎಂದು ಅವನು ಕಾದ. ಕೇಳಿದ್ದು ಗಾಲಿಗಳ ಸದ್ದು. ಕಣ್ಣು ತೆರೆದಾಗ ಅವಳು ಡಾಕ್ಟರ ಗಾಲಿಸ್ಟೂಲನ್ನು ಎಳೆದುಕೊಂಡು ಅವನ ತಲೆಯ ಪಕ್ಕದಲ್ಲೇ ಕೂತಿದ್ದಳು, ತುಟಿ ಬಿಗಿಹಿಡಿದು. ನಗುತ್ತಿದ್ದಾಳೋ, ಬೈಯುವ ಮೊದಲು ಉಸಿರು ಕಟ್ಟಿದ್ದಾಳೋ, ಕೆಳಗಿನಿಂದ ನೋಡುವವನಿಗೆ ಗೊತ್ತಾಗುತ್ತಿರಲಿಲ್ಲ.

"ಇನ್ನೆಷ್ಟು ಹೊತ್ತಮ್ಮ ಇದು ಗಟ್ಟಿಯಾಗೋಕೆ?"

"ಇನ್ನೂ ಎರಡೂವರೆ ನಿಮಿಷ ಅದೆ ಅಕ್ಕ."

"ಸರಿ. ಬೇರೆ ಇನ್ನೇನಾದ್ರೂ ಇದ್ಯಾ ಅಂತ ಕೇಳು. ಬಾಯಿ ಹೆಂಗೂ ಖಾಲಿಯಾಗಲ್ಲ."

ಶಾಂತಿ ಬಗ್ಗಿದಳು. ಪ್ರೇಮ್‌ಕುಮಾರ್ ಚಾವಣಿಯನ್ನು ನೋಡುತ್ತ ಕೊಂಚ ಯೋಚಿಸಿ, ಒಂದು ಚಿಕ್ಕ ವಾಕ್ಯ ಹೇಳಿದ. ಅವಳು ನೆಟ್ಟಗಾಗಿ ಗಡಿಯಾರ ನೋಡಿದಳು.

"ಅವೆ ಅಂತಾವ್ರೆ ಅಕ್ಕ. ಮದುವೆ ಆದಾಗಿಂದ ಕ್ರಮವಾಗಿ ಹೇಳ್ಲಾ, ಇಲ್ಲ ಈ ವರ್ಷದ್ದು ಮೊದ್ಲು ಹೇಳ್ಲಾ ಅಂತ ಕೇಳ್ತಾವ್ರೆ."